ಮೈಸೂರಲ್ಲಿ ಬಾಡಿಗೆ ಮನೆ: ಸರಸ್ವತಿಪುರಂ ಅಥವಾ ವಿಜಯನಗರ?

ನಿಮ್ಮ ಹೆಂಡತಿಗೆ ಮೈಸೂರು ವಿಶ್ವವಿದ್ಯಾಲಯದ ಕ್ಯಾಂಪಸ್ಸು ಮಾನಸಗಂಗೋತ್ರಿಯಲ್ಲಿ ಪಿಎಚ್‌ಡಿ, ನೀವು ವಾರಕ್ಕೊಮ್ಮೆ ರೈಲಲ್ಲಿ ಬೆಂಗಳೂರಿಗೆ, ಜೊತೆಗೆ ಐದು ವರ್ಷದ ಮಗು. ಹೀಗಿದ್ರೆ ನಾನಂತೂ ಸರಸ್ವತಿಪುರಂ ಅಂತೀನಿ.

ಕುಕ್ಕರಹಳ್ಳಿ ಕೆರೆ ದಾಟಿದ್ರೆ ಕ್ಯಾಂಪಸ್ಸು. ದಿನಸಿ, ತರಕಾರಿ, ಡಾಕ್ಟರು ಎಲ್ಲ ಹತ್ತಿರ, ರೈಲ್ವೆ ಸ್ಟೇಷನ್ನಿಗೂ ಆಟೋದಲ್ಲಿ ಬೇಗ ಹೋಗಬಹುದು. ಆದರೆ ಹಳೇ ಬಡಾವಣೆ, ಮನೆಗಳೂ ಹಳೇವು. ಕಾರಿದ್ರೆ ಎಲ್ಲಿ ನಿಲ್ಲಿಸೋದು ಅಂತ ಮೊದಲೇ ನೋಡಿ, ನಾನು ನೋಡದೆ ಅಡ್ವಾನ್ಸ್ ಕೊಟ್ಟು ಒಂದು ವರ್ಷ ಪಕ್ಕದ ಮನೆಯವರ ಮುಖ ಸಿಂಡರಿಸೋದನ್ನ ನೋಡಿಕೊಂಡಿದ್ದೆ. ವಿಜಯನಗರದಲ್ಲಿ ರಸ್ತೆ ಅಗಲ, ಮನೆಗೆ ಗಾಳಿ ಬೆಳಕು ಜಾಸ್ತಿ. ಆದರೆ 'ವಿಜಯನಗರ' ಅಂದ್ರೆ ಒಂದು ಜಾಗ ಅಲ್ಲ. ಮೊದಲನೇ ಸ್ಟೇಜಿಗೂ ನಾಲ್ಕನೇ ಸ್ಟೇಜಿಗೂ ಎಷ್ಟು ದೂರ ಅಂದ್ರೆ, ಜಾಹೀರಾತಲ್ಲಿ ಸ್ಟೇಜ್ ನಂಬರ್ ಹಾಕಿಲ್ಲ ಅಂದ್ರೆ ಫೋನೇ ಮಾಡಬೇಡಿ.

ಇವೆರಡು ಬಿಟ್ರೆ ಗೋಕುಲಂ ಬಡಾವಣೆ ಚೆನ್ನಾಗಿದೆ, ಆದರೆ ಯೋಗ ಕಲಿಯೋಕೆ ಬರೋ ವಿದೇಶಿಗರಿಂದ ಅಲ್ಲಿ ಬಾಡಿಗೆ ಲೆಕ್ಕಾನೇ ಬೇರೆ. ಬೋಗಾದಿ ಕಡೆ ಹೊಸ ಅಪಾರ್ಟ್‌ಮೆಂಟ್ ಸಿಗುತ್ತವೆ, ಮಾನಸಗಂಗೋತ್ರಿಗೂ ಅದೇ ರಸ್ತೆ.

ಎಲ್ಲೇ ಹೋದ್ರೂ ಕಾವೇರಿ ನೀರು ಬರುತ್ತಾ, ಬರೀ ಬೋರ್‌ವೆಲ್ಲಾ ಅಂತ ಓನರ್‌ನ ಅಲ್ಲ, ಕೆಳಗಿನ ಮನೆ ಬಾಡಿಗೆಯವರನ್ನ ಕೇಳಿ. ದಸರಾ ಹೊತ್ತಲ್ಲಿ ಮನೆ ಹುಡುಕೋಕೆ ಮಾತ್ರ ಬರಬೇಡಿ, ರಾತ್ರಿ ಉಳಿಯೋಕೆ ರೂಮೂ ಸಿಗಲ್ಲ.