ಸಣ್ಣ ಸೇವಾ ಸಂಸ್ಥೆಗೆ ರಾಷ್ಟ್ರಮಟ್ಟದ ಒಕ್ಕೂಟ ಯಾಕೆ ಬೇಕು?

ಎರಡು ಕೆಲಸಕ್ಕೆ: ಕಾನೂನು ಬದಲಾದಾಗ ಬಿಡಿಸಿ ಹೇಳಲು, ಸರ್ಕಾರದ ಮುಂದೆ ಎಲ್ಲರ ಪರವಾಗಿ ಮಾತಾಡಲು. ನಮ್ಮಲ್ಲಿ ಇಂಥ ಒಕ್ಕೂಟವೆಂದರೆ 1988ರಲ್ಲಿ ಶುರುವಾದ ವಾಣಿ, ಅಂದರೆ ವಾಲಂಟರಿ ಆಕ್ಷನ್ ನೆಟ್‌ವರ್ಕ್ ಇಂಡಿಯಾ.

ವಿದೇಶಿ ದೇಣಿಗೆ ಕಾಯ್ದೆಗೆ 2020ರಲ್ಲಿ ಬಂದ ತಿದ್ದುಪಡಿಯನ್ನೇ ನೋಡಿ. ಹೊರದೇಶದ ಹಣ ಮೊದಲು ನವದೆಹಲಿಯ ಒಂದೇ ಎಸ್‌ಬಿಐ ಶಾಖೆಯ ಖಾತೆಗೆ ಬರಬೇಕು. ಆಡಳಿತ ಖರ್ಚಿನ ಮಿತಿ ಶೇ 50ರಿಂದ 20ಕ್ಕೆ ಇಳಿಯಿತು. ಎಲ್ಲಕ್ಕಿಂತ ಜಾಸ್ತಿ ಪೆಟ್ಟು ಕೊಟ್ಟದ್ದು ಇನ್ನೊಂದು ನಿಯಮ: ದೊಡ್ಡ ಸಂಸ್ಥೆ ತನಗೆ ಬಂದ ಆ ಹಣವನ್ನು ಬೇರೆ ಸಂಸ್ಥೆಗೆ ಹಂಚುವಂತಿಲ್ಲ. ಹಳ್ಳಿಯ ಎಷ್ಟೋ ಟ್ರಸ್ಟುಗಳಿಗೆ ಹಣ ಬರುತ್ತಿದ್ದ ದಾರಿಯೇ ಅದು.

ಈಗ ತಾಲ್ಲೂಕಿನ ಒಂದು ಟ್ರಸ್ಟ್ ನೆನೆಸಿಕೊಳ್ಳಿ. ಮಕ್ಕಳಿಗೆ ಸಂಜೆ ಪಾಠ ಹೇಳುವವರೇ ರಾತ್ರಿ ಕೂತು ರಸೀದಿ ಪುಸ್ತಕ ತುಂಬಿಸುತ್ತಾರೆ. ಗೆಜೆಟ್ ಓದಲು ಅವರಿಗೆ ಪುರುಸೊತ್ತೆಲ್ಲಿ? ವಕೀಲರನ್ನಿಡಲು ದುಡ್ಡೂ ಇಲ್ಲ ಅಲ್ವಾ? ನೂರಾರು ಸಂಸ್ಥೆಗಳು ಸೇರಿದರೆ ಒಬ್ಬ ಪರಿಣತರ ಖರ್ಚು ಎಲ್ಲರಿಗೂ ಹಂಚಿಹೋಗುತ್ತದೆ. ಒಬ್ಬರ ಅರ್ಜಿ ಕಡತದಲ್ಲೇ ಉಳಿಯಬಹುದು. ಎಲ್ಲರೂ ಸೇರಿ ಕೊಟ್ಟ ಮನವಿಯನ್ನು ಹಾಗೆ ಸುಮ್ನೆ ಪಕ್ಕಕ್ಕಿಡುವುದು ಕಷ್ಟ.