ಒಸಡು ಊದಿದಾಗ ಆಂಟಿಬಯಾಟಿಕ್ ತಗೊಂಡರೆ ಇಳಿಯುತ್ತೆ, ತಿಂಗಳಲ್ಲಿ ಮತ್ತೆ ಬರುತ್ತೆ. ಯಾಕೆ?

ಮಾತ್ರೆ ಕಾಯಿಲೆಯ ಬುಡ ಮುಟ್ಟುವುದಿಲ್ಲ, ಅದಕ್ಕೆ. ಹಲ್ಲಿನ ಬುಡದಲ್ಲಿ ಬ್ಯಾಕ್ಟೀರಿಯಾಗಳು ಅಂಟಾದ ಪದರ ಕಟ್ಟಿಕೊಂಡು ಕೂತಿರುತ್ತವೆ. ಸಕಲೇಶಪುರದ ಕಡೆ ಮಳೆಗಾಲದಲ್ಲಿ ಅಂಗಳದ ಕಲ್ಲಿಗೆ ಪಾಚಿ ಹಿಡಿಯುತ್ತಲ್ವಾ, ಹಾಗೆ. ಬರೀ ನೀರು ಸುರಿದರೆ ಹೋಗಲ್ಲ, ಉಜ್ಜಲೇಬೇಕು. ಆಂಟಿಬಯಾಟಿಕ್ ಕೂಡ ಆ ಪದರದೊಳಗೆ ಸರಿಯಾಗಿ ಇಳಿಯುವುದಿಲ್ಲ. ಅದು ಗಟ್ಟಿಯಾಗಿ ಕಲ್ಲಿನಂತಾದರೆ ಬ್ರಷ್‌ಗೂ ಬಗ್ಗಲ್ಲ. ಸ್ಕೇಲಿಂಗ್, ಅಂದರೆ ಡಾಕ್ಟರ ಹತ್ತಿರ ಕೆರೆಸಿ ತೆಗೆಸುವುದೇ ದಾರಿ.

ಸ್ಕೇಲಿಂಗ್‌ನಿಂದ ಹಲ್ಲು ಸಡಿಲವಾಗುತ್ತೆ ಅನ್ನೋ ಭಯ ಜಾಸ್ತಿ ಜನಕ್ಕಿದೆ. ಅದು ನಿಜವಲ್ಲ. ಮೊದಲೇ ಸಡಿಲವಾಗಿದ್ದದ್ದು ಆಗ ಗೊತ್ತಾಗುತ್ತದೆ, ಅಷ್ಟೇ.

ಜ್ವರವಿದ್ದರೆ, ಮುಖ ಊದಿದ್ದರೆ ತಡಮಾಡದೆ ತೋರಿಸಿ. ಆಗ ಮಾತ್ರೆಯೂ ಬೇಕಾಗುತ್ತದೆ. ಸುಮ್ನೆ ಮೆಡಿಕಲ್‌ನಲ್ಲಿ ಕೇಳಿ ನುಂಗಬೇಡಿ, ದಯವಿಟ್ಟು. ಹಾಸನದಲ್ಲೇ ದಂತ ವೈದ್ಯಕೀಯ ಕಾಲೇಜು ಇದೆ.