1:72 ಅಳತೆಯ ಮಿಗ್-21 ಯುದ್ಧವಿಮಾನದ ಮಾಡೆಲ್‌ಗೆ ಸಿಲ್ವರ್ ಹೊಡೆದರೆ ಬೂದಿ ಬಳಿದಂತೆ ಕಾಣುತ್ತಿದೆ. ಕಲಬುರಗಿ ಬಿಸಿಲಿನ ದೋಷವೋ, ಬಣ್ಣದ್ದೋ?

ಎರಡೂ. ಮೊದಲು ಬಣ್ಣ. ನೀವು ಬಳಸಿದ ಹಾರ್ಡ್‌ವೇರ್ ಅಂಗಡಿಯ ಸ್ಪ್ರೇ ಗೇಟು, ಗ್ರಿಲ್‌ಗೆ ಸರಿ. ಅದರ ಅಲ್ಯೂಮಿನಿಯಂ ಚಕ್ಕೆ ದಪ್ಪ. ಚಕ್ಕೆಯೊಂದು 0.03 ಮಿ.ಮೀ. ಅಂದುಕೊಂಡರೂ, 72ರಿಂದ ಗುಣಿಸಿದರೆ ನಿಜ ವಿಮಾನದ ಮೈಮೇಲೆ 2 ಮಿ.ಮೀ. ದಾಟಿದ ಮಿನುಗು. ಏರ್‌ಬ್ರಷ್ (ಗಾಳಿಯ ಒತ್ತಡದಿಂದ ಬಣ್ಣ ಸಿಂಪಡಿಸುವ ಪೆನ್ನಿನಂಥ ಉಪಕರಣ) ಇದ್ದರೆ ಆಲ್‌ಕ್ಲಾಡ್ ಕಂಪನಿಯ ಲ್ಯಾಕರ್ (ಬೇಗ ಒಣಗುವ ಬಣ್ಣ) ತರಿಸಿ, ಇಲ್ಲದಿದ್ದರೆ ಟಮಿಯಾ ಕಂಪನಿಯ ಎಎಸ್-12 ಸಿಲ್ವರ್ ಸ್ಪ್ರೇ ಕ್ಯಾನ್ ಸಾಕು.

ಆದರೆ ಸಿಲ್ವರ್ ಕೆಡುವುದು ಹೆಚ್ಚಾಗಿ ತಳದಲ್ಲೇ. ಹಸಿರು ಬಣ್ಣ ಮುಚ್ಚಿಬಿಡುವ ಗೀರನ್ನು ಸಿಲ್ವರ್ ಎತ್ತಿ ತೋರಿಸುತ್ತದೆ. ಪುಟ್ಟಿ ತುಂಬಿದ ಜೋಡಣೆಗಳನ್ನು 2000 ನಂಬರಿನ ವಾಟರ್ ಪೇಪರ್‌ವರೆಗೂ ತಿಕ್ಕಿ. ಮಂಕು ಅಲ್ಯೂಮಿನಿಯಂಗೆ ಬೂದು ಪ್ರೈಮರ್ ಸಾಕು; ಪಾಲಿಶ್ ಹೊಳಪು ಬೇಕಾದರೆ ಹೊಳೆಯುವ ಕಪ್ಪು ತಳ ಬೇಕು. (ಬಿದರಿ ಹೂಜಿಯಲ್ಲಿ ಕಪ್ಪು ಬೆಳ್ಳಿಯ ಪಕ್ಕದಲ್ಲಿರುತ್ತದೆ, ಇಲ್ಲಿ ಅಡಿಯಲ್ಲಿ.) ಕಪ್ಪು ಎನಾಮೆಲ್ ಆಗಿದ್ದರೆ 48 ಗಂಟೆ ಬಿಡಿ. ಮೂಗಿನ ಹತ್ತಿರ ಹಿಡಿದಾಗ ಥಿನ್ನರ್ ವಾಸನೆ ಇನ್ನೂ ಬಂದರೆ ಒಣಗಿಲ್ಲ ಅಂತಲೇ ಲೆಕ್ಕ. ಒಣಗದ ಕಪ್ಪಿನ ಮೇಲೆ ಹೊಡೆದ ಸಿಲ್ವರ್ ಕೂದಲೆಳೆಯಂತೆ ಬಿರಿಯುತ್ತದೆ.

ಇನ್ನು ಬಿಸಿಲು. 40 ಡಿಗ್ರಿಯಲ್ಲಿ ಲ್ಯಾಕರ್ ಹನಿ ಮಾಡೆಲ್ ಮುಟ್ಟುವ ಮೊದಲೇ ಗಾಳಿಯಲ್ಲಿ ಅರ್ಧ ಒಣಗಿ ಪುಡಿಯಾಗಿ ಕೂರುತ್ತದೆ. ನಿಮ್ಮ ಬೂದಿ ಅದೇ. ಮುಂಜಾನೆ 7ರೊಳಗೆ ಕೆಲಸ ಮುಗಿಸಿ, ಫ್ಯಾನ್ ಬೇಡ, ಕಿಟಕಿ ತೆರೆದಿಡಿ, ಥಿನ್ನರ್ ಆವಿ ತಡೆಯುವ ಮಾಸ್ಕ್ ಹಾಕಿ. ಆಲ್‌ಕ್ಲಾಡ್‌ಗೆ ಥಿನ್ನರ್ ಬೆರೆಸಬೇಡಿ, ಅದು ಮೊದಲೇ ತೆಳು. ಏರ್‌ಬ್ರಷ್‌ಗೆ 0.3 ಮಿ.ಮೀ. ನಾಜಲ್, 12–15 ಪಿಎಸ್‌ಐ ಒತ್ತಡ, 5–8 ಸೆಂ.ಮೀ. ದೂರ, ಮಂಜು ಕೂತಂತೆ ಮೂರು ನಾಲ್ಕು ಪದರ. ಕಪ್ಪು ಮರೆಯಾಗುತ್ತಿದ್ದಂತೆ ಕೈ ನಿಲ್ಲಿಸಿ. ಇನ್ನೊಂದು ಪದರದ ಆಸೆಗೆ ಬಿದ್ದರೆ ಹೊಳಪು ಹೋಗಿ ಸೀಸದ ಬಣ್ಣ ಉಳಿಯುತ್ತದೆ.

ಮರುದಿನ ಕೆಲವು ಪ್ಯಾನೆಲ್‌ಗಳಿಗಷ್ಟೇ ಮಂಕು ಅಲ್ಯೂಮಿನಿಯಂ, ಬಾಲದ ಎಂಜಿನ್ ಭಾಗಕ್ಕೆ ಸುಟ್ಟ ಕಬ್ಬಿಣದ ಛಾಯೆ ಹೊಡೆಯಿರಿ. ಪಕ್ಕದ ಭಾಗ ಮುಚ್ಚುವ ಟೇಪನ್ನು ಮೊದಲು ಅಂಗೈಗೆ ಅಂಟಿಸಿ ಕಿತ್ತು ಅಂಟು ಕಡಿಮೆ ಮಾಡಿಕೊಳ್ಳಿ, ಇಲ್ಲವಾದರೆ ಸಿಲ್ವರ್ ಸಮೇತ ಎದ್ದು ಬರುತ್ತದೆ. ಮೂಗಿನ ಶಂಕು, ಬಾಲದ ರೆಕ್ಕೆಯ ತುದಿ ಹಸಿರು, ಅಲ್ಲಿ ಸಿಲ್ವರ್ ಬೇಡ.

ಕ್ರೋಮ್ ಹೊಳಪಿನ ಮೇಲೆ ಲ್ಯಾಕರ್ ಕ್ಲಿಯರ್ (ಬಣ್ಣವಿಲ್ಲದ ಪಾರದರ್ಶಕ ಲೇಪ) ಹೊಡೆಯಲೇಬೇಡಿ, ಒಂದೇ ಏಟಿಗೆ ಮಂಕಾಗುತ್ತದೆ. ಡೆಕಾಲ್ (ಗುರುತು, ಸಂಖ್ಯೆಗಳ ಸ್ಟಿಕರ್) ಅಂಚು ಮುಚ್ಚಲೇಬೇಕಿದ್ದರೆ ನೀರಿನಲ್ಲಿ ಕರಗುವ ಬಗೆಯ ಕ್ಲಿಯರ್, ಡೆಕಾಲ್ ಮೇಲೆ ಮಾತ್ರ.